ಕೊನೆಯ ಕೋಣೆಗೂ ನೀರು ತಲುಪಿಸುವ ಲೆಕ್ಕ

ಒಂದೇ ಮಹಡಿ, ಒಂದೇ ಹವಾನಿಯಂತ್ರಣ ವ್ಯವಸ್ಥೆ. ಆದರೂ ಒಂದು ತುದಿಯಲ್ಲಿ ಕುಳಿತವರು ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತಾರೆ. ಇನ್ನೊಂದು ತುದಿಯವರು ಬೆವರು ಒರೆಸಿಕೊಳ್ಳುತ್ತಾರೆ. ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ಹೋಗುವವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಈ ದೂರು ಅವರಿಗೆ ಹೊಸದಾಗಿರಲಾರದು.

ಹಾಗಾದರೆ ಯಂತ್ರ ಕೆಟ್ಟಿದೆಯೆ? ಎಷ್ಟೋ ಸಲ ಯಂತ್ರ ಸರಿಯಾಗಿಯೇ ಇರುತ್ತದೆ. ತಪ್ಪಿರುವುದು ನೀರಿನ ಹಂಚಿಕೆ.

ದೊಡ್ಡ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಕೋಣೆಗೊಂದು ಏ.ಸಿ. ಇರುವುದಿಲ್ಲ. ಚಿಲ್ಲರ್ ಎಂಬ ಯಂತ್ರ ನೀರನ್ನು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗೆ ತಣಿಸುತ್ತದೆ. ಪಂಪು ಅದನ್ನು ಕೊಳವೆಗಳ ಮೂಲಕ ಪ್ರತಿ ಕೋಣೆಗೂ ಕಳಿಸುತ್ತದೆ. ಅಲ್ಲಿ ಸುರುಳಿ ಕೊಳವೆಯ ಮೇಲೆ ಫ್ಯಾನು ಗಾಳಿ ಬೀಸುತ್ತದೆ. ಗಾಳಿಯ ಶಾಖವನ್ನು ಹೀರಿಕೊಂಡ ನೀರು ಸುಮಾರು 12 ಡಿಗ್ರಿಗೆ ಏರಿ ಚಿಲ್ಲರ್‌ಗೆ ಮರಳುತ್ತದೆ. ಇಂಗ್ಲೆಂಡ್, ಜರ್ಮನಿಗಳ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಅಲ್ಲಿ ಬಾಯ್ಲರ್‌ನಿಂದ ಬಿಸಿನೀರು ಹೊರಟು, ಗೋಡೆಗೆ ಜೋಡಿಸಿದ ರೇಡಿಯೇಟರ್‌ಗಳಲ್ಲಿ ಶಾಖ ಬಿಟ್ಟು ಹಿಂದಿರುಗುತ್ತದೆ. ಚಳಿಯಾಗಲಿ ಸೆಕೆಯಾಗಲಿ, ಲೆಕ್ಕ ಮಾತ್ರ ಒಂದೇ.

ಗೀಸರ್ ಕಲಿಸುವ ಪಾಠ

ಆ ಲೆಕ್ಕ ನಿಮ್ಮ ಬಚ್ಚಲುಮನೆಯಲ್ಲೇ ಇದೆ. ಇನ್‌ಸ್ಟಂಟ್ ಗೀಸರ್‌ನ ನಲ್ಲಿಯನ್ನು ಪೂರ್ತಿ ತಿರುಗಿಸಿದರೆ ಉಗುರುಬೆಚ್ಚಗಿನ ನೀರು; ಸಣ್ಣಗೆ ಬಿಟ್ಟರೆ ಸುಡುನೀರು. ಗೀಸರ್ ಕೊಡುವ ಶಾಖ ಅಷ್ಟೇ. ಹರಿವು ಹೆಚ್ಚಿದರೆ ಉಷ್ಣಾಂಶದ ಏರಿಕೆ ಕಡಿಮೆ, ಹರಿವು ತಗ್ಗಿದರೆ ಏರಿಕೆ ಹೆಚ್ಚು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4.2 ಕಿಲೋಜೂಲ್ ಬೇಕು. 10 ಲೀಟರ್ ನೀರನ್ನು 25ರಿಂದ 40 ಡಿಗ್ರಿಗೆ ಏರಿಸಲು 10 × 4.2 × 15, ಅಂದರೆ 630 ಕಿಲೋಜೂಲ್ ಆಯಿತು. 3 ಕಿಲೋವಾಟ್ ಗೀಸರ್ ಸೆಕೆಂಡಿಗೆ 3 ಕಿಲೋಜೂಲ್ ಕೊಡುತ್ತದೆ. ಆದ್ದರಿಂದ ಬಕೆಟ್ ತುಂಬಲು 210 ಸೆಕೆಂಡು, ಅಂದರೆ ಮೂರೂವರೆ ನಿಮಿಷ ಬೇಕು. ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ದ್ರವ್ಯರಾಶಿ, ವಿಶಿಷ್ಟೋಷ್ಣ, ಉಷ್ಣಾಂಶದ ವ್ಯತ್ಯಾಸ, ಈ ಮೂರರ ಗುಣಲಬ್ಧವೇ ಇದು.

ಇದನ್ನೇ ತಿರುಗಿಸಿ ಬರೆದರೆ ಎಂಜಿನಿಯರರ ಸೂತ್ರ ಸಿಗುತ್ತದೆ. ಕೋಣೆಯಿಂದ ತೆಗೆಯಬೇಕಾದ ಶಾಖವನ್ನು (ಕಿಲೋವಾಟ್) 4.2ರಿಂದಲೂ ಉಷ್ಣಾಂಶದ ವ್ಯತ್ಯಾಸದಿಂದಲೂ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಲೀಟರ್ ನೀರು ಬೇಕೆಂದು ತಿಳಿಯುತ್ತದೆ. ಕಚೇರಿಯ ಒಂದು ಕೋಣೆಯಿಂದ 10.5 ಕಿಲೋವಾಟ್ ಶಾಖ ತೆಗೆಯಬೇಕು, ವ್ಯತ್ಯಾಸ 5 ಡಿಗ್ರಿ ಎಂದುಕೊಳ್ಳಿ. ಸೆಕೆಂಡಿಗೆ ಅರ್ಧ ಲೀಟರ್, ಅಂದರೆ ನಿಮಿಷಕ್ಕೆ 30 ಲೀಟರ್ ಬೇಕು. ವಿದೇಶದ ಮನೆಯ 1.4 ಕಿಲೋವಾಟ್ ರೇಡಿಯೇಟರ್‌ಗೆ ನೀರು 70 ಡಿಗ್ರಿಯಲ್ಲಿ ಬಂದು 50ಕ್ಕೆ ಇಳಿದು ಹೋಗುವುದಾದರೆ ನಿಮಿಷಕ್ಕೆ ಒಂದೇ ಲೀಟರ್ ಸಾಕು!

ಕಾಲುವೆಯ ಕೊನೆಯ ರೈತ

ಲೆಕ್ಕ ಇಷ್ಟು ಸುಲಭವಾದರೆ ತೊಂದರೆ ಎಲ್ಲಿ? ನೀರು ನಮ್ಮ ಲೆಕ್ಕದ ಪುಸ್ತಕ ಓದುವುದಿಲ್ಲ. ದಾರಿ ಸುಲಭವಾಗಿರುವ ಕಡೆ ಅದು ಹೆಚ್ಚು ಹರಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದ ಗದ್ದೆಗಳು ತುಂಬಿ ನಿಂತಾಗಲೂ ಕೊನೆಯ ಭಾಗದ ಮಾನ್ವಿ ಕಡೆಯ ರೈತರು ನೀರಿಗಾಗಿ ಕಾಯುವುದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಕೊಳವೆಯೊಳಗೂ ಅದೇ ಕಥೆ. ಪಂಪಿನ ಪಕ್ಕದ ಕೋಣೆಗೆ ಕೊಳವೆ ಗಿಡ್ಡ, ಘರ್ಷಣೆ ಕಡಿಮೆ. ಕೊನೆಯ ಕೋಣೆಗೆ ಹಾದಿ ಉದ್ದ, ಘರ್ಷಣೆ ಹೆಚ್ಚು.

ಒಂದೇ ಅಳತೆಯ ನಾಲ್ಕು ಕೋಣೆಗಳಿವೆ, ತಲಾ 30 ಲೀಟರ್‌ನಂತೆ ನಿಮಿಷಕ್ಕೆ 120 ಲೀಟರ್ ಬೇಕು ಎನ್ನೋಣ. ಪಂಪು 120 ಲೀಟರನ್ನೇ ತಳ್ಳುತ್ತಿದ್ದರೂ ಅದು 45, 35, 25, 15 ಎಂದು ಹಂಚಿಹೋಗಬಹುದು. ಒಟ್ಟು ಮೊತ್ತ ಸರಿ, ಹಂಚಿಕೆ ತಪ್ಪು. ಮೊದಲ ಕೋಣೆಯವರು ನಡುಗುತ್ತಾರೆ. ಕೊನೆಯವರು ಅರ್ಧ ಪಾಲಿನಲ್ಲಿ ಬೇಯುತ್ತಾರೆ.

“ದೊಡ್ಡ ಪಂಪು ಹಾಕಿಬಿಡಿ” ಎನ್ನುವುದು ಥಟ್ಟನೆ ಹೊಳೆಯುವ ಉತ್ತರ. ಆದರೆ ಕೊನೆಯ ಕೋಣೆಯ 15 ಲೀಟರ್ 30 ಆಗಬೇಕಾದರೆ ಒಟ್ಟು ಹರಿವು 240 ಲೀಟರ್ ಆಗಬೇಕು. ಅವೇ ಕೊಳವೆಗಳಲ್ಲಿ ಹರಿವು ಇಮ್ಮಡಿಯಾದರೆ ಬೇಕಾಗುವ ಒತ್ತಡ ಸುಮಾರು ನಾಲ್ಕು ಪಟ್ಟು, ಪಂಪಿನ ಶಕ್ತಿ ಸುಮಾರು ಎಂಟು ಪಟ್ಟು! ಒಬ್ಬರ ಸೆಕೆ ಕಳೆಯಲು ಎಂಟರಷ್ಟು ವಿದ್ಯುತ್ ಸುಟ್ಟಂತಾಯಿತು. ಮೊದಲ ಕೋಣೆಯವರ ನಡುಕವೂ ಹೋಗಲಿಲ್ಲ.

ಸರಿಯಾದ ಉತ್ತರ ಅಗ್ಗದ್ದು: ಹತ್ತಿರದವರ ವಾಲ್ವನ್ನು ಸ್ವಲ್ಪ ಬಿಗಿ ಮಾಡುವುದು. ಮೊದಲು ಎಲ್ಲ ವಾಲ್ವುಗಳನ್ನು ಪೂರ್ತಿ ತೆರೆದು ಪ್ರತಿಯೊಂದರ ಹರಿವನ್ನು ಅಳೆಯುತ್ತಾರೆ. ತನ್ನ ಪಾಲಿಗಿಂತ ತೀರ ಕಡಿಮೆ ಪಡೆಯುವ ಕೋಣೆಯ ವಾಲ್ವನ್ನು ತೆರೆದೇ ಬಿಟ್ಟು, ಉಳಿದವನ್ನು ಒಂದೊಂದಾಗಿ ಬಿಗಿ ಮಾಡುತ್ತಾರೆ. ಒಂದನ್ನು ತಿರುಗಿಸಿದರೆ ಉಳಿದ ಎಲ್ಲದರ ಹರಿವೂ ಬದಲಾಗುತ್ತದೆ. ಆದ್ದರಿಂದ ಮತ್ತೆ ಅಳೆಯಬೇಕು, ಮತ್ತೆ ತಿರುಗಿಸಬೇಕು. ತಾಳ್ಮೆಯ ಕೆಲಸ. ಕೊನೆಗೆ ಪ್ರತಿ ವಾಲ್ವಿನ ಸ್ಥಾನವನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಮುಂದೆ ಯಾರಾದರೂ “ನಮಗೆ ಸಾಲದು” ಎಂದು ತಮ್ಮ ವಾಲ್ವನ್ನು ತಿರುಗಿಸಿದರೆ ಎಲ್ಲ ಶ್ರಮವೂ ವ್ಯರ್ಥ.

ಪಾಲಕರಿಗೊಂದು ಮಾತು

ಕಿಯೋನಿಕ್ಸ್‌ನ ಆರ್.ಕೆ. ಬಾಳಿಗಾ ಅವರ ಕನಸಿನಂತೆ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಆರಂಭವಾಯಿತು. ಇಂದು ಅಲ್ಲಿನ ಗಾಜಿನ ಕಟ್ಟಡಗಳಲ್ಲಿ ಕಂಪ್ಯೂಟರ್ ಬಲ್ಲವರು ಮಾತ್ರವಲ್ಲ, ಈ ವಾಲ್ವುಗಳ ಭಾಷೆ ಬಲ್ಲ ಐಟಿಐ, ಡಿಪ್ಲೊಮಾ ಓದಿದವರೂ ಬೇಕು. ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಪ್ಲಾಸ್ಟಿಕ್ ಅಚ್ಚುಗಳನ್ನು ತಣಿಸುವ ನೀರಿಗೂ ಇದೇ ಲೆಕ್ಕ. ಒಂದು ಅಚ್ಚಿಗೆ ನೀರು ಸಾಲದಿದ್ದರೆ ಅದರಿಂದ ಬರುವ ವಸ್ತು ಸೊಟ್ಟಗಾಗುತ್ತದೆ.

“ಈ ಸೂತ್ರ ಕಲಿತು ಏನಾಗಬೇಕು?” ಎಂದು ಮಗಳೋ ಮಗನೋ ಕೇಳಿದರೆ ಗದರಿಸಬೇಡಿ. ಒಂದು ಬಕೆಟ್ಟು, ಒಂದು ಗಡಿಯಾರ ಕೊಡಿ. ಕೆಳಗಿನ ನಲ್ಲಿ ಮುಚ್ಚಿದ್ದಾಗ ಮಹಡಿಯ ಮೇಲಿನ ನಲ್ಲಿಯಲ್ಲಿ ಬಕೆಟ್ ತುಂಬಲು ಎಷ್ಟು ಸಮಯ ಬೇಕೆಂದು ಅಳೆಯಲಿ. ಕೆಳಗಿನದನ್ನು ಪೂರ್ತಿ ತೆರೆದು ಮತ್ತೊಮ್ಮೆ ಅಳೆಯಲಿ. ಮೂರನೆಯ ಸಲ ಅದನ್ನು ಅರ್ಧ ಮುಚ್ಚಿ ನೋಡಲಿ. ಟ್ಯಾಂಕಿನ ನೀರು ಅಷ್ಟೇ ಇರುತ್ತದೆ. ಮೇಲಿನವರ ಬಕೆಟ್ ತುಂಬುವ ಸಮಯ ಕೆಳಗಿನವರ ಕೈಯಲ್ಲಿರುವುದು ಆಗ ತಾನಾಗಿಯೇ ತಿಳಿಯುತ್ತದೆ.