ಪಟ್ಟಿಯಿಂದ ಬಿಟ್ಟುಹೋದ ಹೆಸರುಗಳು

ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನು ಕಂಪ್ಯೂಟರಿನ ಒಂದು ಕೋಷ್ಟಕದಲ್ಲಿಯೂ ಅವರಿತ್ತ ಚಂದಾಹಣವನ್ನು ಇನ್ನೊಂದರಲ್ಲಿಯೂ ಬರೆದಿಟ್ಟಿರುವೆವು. ಪ್ರತಿಯೊಬ್ಬರಿಗೂ ಒಂದು ಕ್ರಮಾಂಕವುಂಟು. ಅದೇ ಎರಡನ್ನೂ ಕೂಡಿಸುವ ಕೊಂಡಿ. ಇಂಥ ಕ್ರಮವನ್ನು 1970ರಲ್ಲಿ ಎಡ್ಗರ್ ಕಾಡ್ ಎಂಬವರು ಪ್ರಕಟಿಸಿದರು.

ಹೋದ ಸಾರಿ ಆಮಂತ್ರಣದೊಡನೆ ಅವರವರ ಚಂದಾದ ಲೆಕ್ಕವನ್ನೂ ಕಳುಹಿಸಲೆಂದು, ಎಸ್‌ಕ್ಯೂಎಲ್ ಭಾಷೆಯಲ್ಲಿ 'ಜಾಯಿನ್' ಎಂದು ಬರೆದು ಪಟ್ಟಿ ತೆಗೆದೆವು. ಚಂದಾ ಕೊಡದವರ ಹೆಸರುಗಳೇ ಅದರಲ್ಲಿರಲಿಲ್ಲ! ಬಡತನದ ದೆಸೆಯಿಂದ ಶಾಲೆಯು ತಮ್ಮನ್ನು ಮರೆಯಿತೆಂದು ಕೆಲವರು ನೊಂದುಕೊಂಡರು. ತಪ್ಪು ಯಂತ್ರದ್ದಲ್ಲ, ನಮ್ಮದು. ಬರಿಯ ಜಾಯಿನ್ ಎರಡೂ ಕೋಷ್ಟಕಗಳಲ್ಲಿರುವವರನ್ನು ಮಾತ್ರವೇ ಕೊಡುವುದು. ಹೆಸರುಗಳ ಕೋಷ್ಟಕವನ್ನು ಮೊದಲಿಟ್ಟು 'ಲೆಫ್ಟ್ ಜಾಯಿನ್' ಎಂದು ಬರೆದರೆ ಎಲ್ಲರೂ ಬರುವರು. ಚಂದಾ ಇಲ್ಲದೆಡೆಯಲ್ಲಿ 'ನಲ್' ಎಂಬ ಗುರುತಿರುವುದು.

ಇನ್ನು ಕೊಡದವರನ್ನಷ್ಟೇ ಆರಿಸಬೇಕೆಂದರೆ ಮತ್ತೊಂದು ತೊಡಕು. ನಲ್ ಎಂಬುದು ಸೊನ್ನೆಯಲ್ಲ; ಅಲ್ಲಿ ಬೆಲೆಯೇ ಇಲ್ಲ. ಇಲ್ಲದ್ದು ಯಾವುದಕ್ಕೂ ಸಮವೆನ್ನಲಾಗದು. ಆದಕಾರಣ ಸಮಚಿಹ್ನೆ ಹಾಕಿ ಕೇಳಿದರೆ ಒಂದು ಹೆಸರೂ ಬಾರದು. 'ಇಸ್ ನಲ್' ಎಂದೇ ಕೇಳತಕ್ಕದ್ದು.

ಎರಡು ಸಲ ಕೊಟ್ಟವರ ಹೆಸರು ಎರಡು ಸಲ ಬರುವುದೂ ಉಂಟು. ಈಗ ಪಟ್ಟಿ ತೆಗೆದೊಡನೆ ಹೆಸರುಗಳನ್ನು ಎಣಿಸಿ, ದಾಖಲೆಯ ಒಟ್ಟು ಸಂಖ್ಯೆಯೊಡನೆ ತಾಳೆನೋಡಿದ ಮೇಲೆಯೇ ಲಕೋಟೆಗಳನ್ನು ಅಂಟಿಸುತ್ತೇವೆ.