ಒಂದೇ ಅಂಕಪಟ್ಟಿ, ಗಡಿಗೊಂದು ತಕ್ಕಡಿ

ಬೇಸಿಗೆ ಮುಗಿಯುತ್ತಾ ಬಂತೆಂದರೆ ಓದುವ ಮಕ್ಕಳಿರುವ ಮನೆಗಳಿಗೆ ಎರಡು ಫಲಿತಾಂಶಗಳು ಬರುತ್ತವೆ. ಒಂದು ಹನ್ನೆರಡನೆಯ ತರಗತಿಯ ಅಂಕಪಟ್ಟಿ, ಇನ್ನೊಂದು ಪ್ರವೇಶ ಪರೀಕ್ಷೆಯದು. ಕೆಲವು ಮನೆಗಳಲ್ಲಿ ಮೊದಲನೆಯದನ್ನು ನೋಡಿ ಸಕ್ಕರೆ ಹಂಚುತ್ತಾರೆ, ಎರಡನೆಯದನ್ನು ನೋಡಿ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಶಾಲೆಯಲ್ಲಿ ತೊಂಬತ್ತೈದು ತೆಗೆದ ಮಗು ಅಲ್ಲಿ ನಲವತ್ತಕ್ಕೆ ನಿಂತಿತೇಕೆ? ಮುಂದೆ ಯಾವ ಕಾಲೇಜು? ಈ ಎರಡು ಪ್ರಶ್ನೆಗಳಿಗೆ ನನಗೆ ತಿಳಿದಷ್ಟು ಉತ್ತರವನ್ನು ಇಂದು ನಿಮ್ಮ ಮುಂದಿಡುತ್ತೇನೆ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ಕಾಲೇಜಿನ ಮೇಷ್ಟರಲ್ಲ. ಆದರೆ ಈ ವಿಷಯದಲ್ಲಿ ಬೇಕಾದದ್ದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಕೂಡುವ, ಕಳೆಯುವ ಲೆಕ್ಕ. ಅದರ ಅಭ್ಯಾಸ ನನಗಿದೆ.

ಮೊದಲು 'ಏಕೆ' ಎಂಬುದನ್ನು ನೋಡೋಣ. ಬ್ಯಾಂಕಿನಲ್ಲಿ ಲೆಡ್ಜರ್ ಬರೆಯುವ ಕೆಲಸ ಬೇರೆ, ನಗದು ಕೌಂಟರಿನ ಕೆಲಸ ಬೇರೆ. ಲೆಡ್ಜರಿನವನು ನಿಧಾನವಾಗಿ, ಸಾಲು ತಪ್ಪದೆ ಬರೆಯಬೇಕು. ಕೌಂಟರಿನವನು ಸಾಲಿನಲ್ಲಿ ನಿಂತ ಜನರ ಎದುರಿಗೇ ಬೇಗ ಎಣಿಸಬೇಕು. ಒಂದರಲ್ಲಿ ಗಟ್ಟಿಗನಾದವನು ಇನ್ನೊಂದರಲ್ಲಿ ಮೊದಲ ದಿನ ತಡವರಿಸಿದರೆ ಅವನು ದಡ್ಡನೆಂದು ಯಾರೂ ಹೇಳುವುದಿಲ್ಲ. ಬೋರ್ಡ್ ಪರೀಕ್ಷೆ ಲೆಡ್ಜರಿನ ಹಾಗೆ. ಕಲಿತದ್ದನ್ನು ಕ್ರಮವಾಗಿ ಬರೆದು ತೋರಿಸಬೇಕು, ಹಂತ ಸರಿಯಿದ್ದರೆ ಉತ್ತರ ತಪ್ಪಿದರೂ ಒಂದಿಷ್ಟು ಅಂಕ ಸಿಗುತ್ತದೆ. ಪ್ರವೇಶ ಪರೀಕ್ಷೆ ಕೌಂಟರಿನ ಹಾಗೆ. 2025ರ ನೀಟ್ ಪರೀಕ್ಷೆಯಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ. ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಅರ್ಧ ಗೊತ್ತಿದ್ದರೆ ಅರ್ಧ ಅಂಕವೆಂಬುದು ಅಲ್ಲಿಲ್ಲ.

ಹಾಗೆಂದು ಪ್ರವೇಶ ಪರೀಕ್ಷೆಯೇ ಅನ್ಯಾಯವೆಂದು ತಳ್ಳಿಹಾಕುವಂತಿಲ್ಲ. ಒಂದು ಬೋರ್ಡು ಧಾರಾಳವಾಗಿ ಅಂಕ ಕೊಡುತ್ತದೆ, ಇನ್ನೊಂದು ಬಿಗಿ ಹಿಡಿಯುತ್ತದೆ. ಎಲ್ಲರಿಗೂ ಒಂದೇ ಅಳತೆಗೋಲು ಇರಲಿ ಎಂದೇ ಇಂಥ ಪರೀಕ್ಷೆಗಳು ಬಂದವು. ಆದರೆ ತರಬೇತಿಗೆ ಹಣ ಕಟ್ಟಬಲ್ಲ ಪೇಟೆಯ ಮಗುವಿಗೂ, ಮೂರು ಮೈಲಿ ನಡೆದು ಕನ್ನಡ ಶಾಲೆಗೆ ಹೋಗುವ ಮಗುವಿಗೂ ಆ ಕೋಲು ಒಂದೇ ರೀತಿ ಕೈಗೆಟಕುತ್ತದೆಯೇ ಎಂಬ ಪ್ರಶ್ನೆ ಉಳಿದೇ ಇದೆ.

ಇನ್ನು 'ಮುಂದೇನು' ಎಂಬುದಕ್ಕೆ ಬರೋಣ. ಗಡಿಯ ಜನರಾದ ನಾವು ಇಲ್ಲಿ ಮುಖ್ಯವಾಗಿ ತಿಳಿಯಬೇಕಾದ ಮಾತು ಒಂದೇ. ಎಲ್ಲ ಕಾಲೇಜುಗಳೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರಾಜ್ಯದ ಗಡಿ ದಾಟಿದರೆ ತಕ್ಕಡಿಯೇ ಬದಲಾಗುತ್ತದೆ. ಇದನ್ನು ಒಂದು ಲೆಕ್ಕದಿಂದ ತೋರಿಸುತ್ತೇನೆ. ನಾನು ಹೇಳುವುದು 2025ರ ಪ್ರವೇಶದ ನಿಯಮಗಳು, ಇದನ್ನು ನೆನಪಿಡಿ.

ಎಂಜಿನಿಯರಿಂಗ್ ಸೇರಬಯಸುವ ಇಬ್ಬರು ಮಕ್ಕಳನ್ನು ಕಲ್ಪಿಸಿಕೊಳ್ಳಿ. ಹುಡುಗಿಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಬೋರ್ಡಿನ ಅಂಕ ನೂರಕ್ಕೆ 95, ಪ್ರವೇಶ ಪರೀಕ್ಷೆಯಲ್ಲಿ 40. ಹುಡುಗನಿಗೆ ಬೋರ್ಡಿನಲ್ಲಿ 75, ಪ್ರವೇಶ ಪರೀಕ್ಷೆಯಲ್ಲಿ 60.

ಕರ್ನಾಟಕದ ಸಿ.ಇ.ಟಿ.ಯಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ಬೋರ್ಡಿನ ಅಂಕಕ್ಕೆ ಅರ್ಧ, ಸಿ.ಇ.ಟಿ. ಅಂಕಕ್ಕೆ ಅರ್ಧ ತೂಕ. 95ರ ಅರ್ಧ 47.5, 40ರ ಅರ್ಧ 20, ಒಟ್ಟು 67.5. ಹುಡುಗನಿಗೆ 37.5 ಮತ್ತು 30, ಒಟ್ಟು 67.5. ಅಂದರೆ ಇಬ್ಬರೂ ಸಮಸಮ. ಪರೀಕ್ಷೆಯಲ್ಲಿ ಇಪ್ಪತ್ತು ಹಿಂದೆ ಬಿದ್ದ ಹುಡುಗಿಯನ್ನು ಅವಳ ಶಾಲೆಯ ಅಂಕ ಎತ್ತಿ ನಿಲ್ಲಿಸಿತು.

ತಮಿಳುನಾಡಿನಲ್ಲಿ ಎಂಜಿನಿಯರಿಂಗ್‌ಗೆ ರಾಜ್ಯದ ಪ್ರವೇಶ ಪರೀಕ್ಷೆಯೇ ಇಲ್ಲ. 2006ರ ಕಾನೂನಿನಿಂದ ಅದನ್ನು ತೆಗೆದುಹಾಕಿದರು. ಗಣಿತಕ್ಕೆ 100, ಭೌತಶಾಸ್ತ್ರಕ್ಕೆ 50, ರಸಾಯನಶಾಸ್ತ್ರಕ್ಕೆ 50, ಹೀಗೆ 200ಕ್ಕೆ ಲೆಕ್ಕ ಹಾಕುತ್ತಾರೆ. ಅಲ್ಲಿ ಹುಡುಗಿಗೆ 190, ಹುಡುಗನಿಗೆ 150. ಅವಳು ಬಹಳ ಮುಂದೆ. ಹೊಸೂರು, ತಾಳವಾಡಿ, ನೀಲಗಿರಿಯ ಕೇಳುಗರು ಇನ್ನೊಂದನ್ನೂ ಗಮನಿಸಬೇಕು. ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೈದ್ಯಕೀಯದಲ್ಲಿ 2020ರಿಂದ, ಎಂಜಿನಿಯರಿಂಗ್‌ನಂಥ ಕೋರ್ಸುಗಳಲ್ಲಿ 2021ರಿಂದ ಶೇಕಡಾ 7.5ರಷ್ಟು ಸೀಟುಗಳ ಮೀಸಲಾತಿ ಇದೆ.

ಮಹಾರಾಷ್ಟ್ರದಲ್ಲಿ ಇದಕ್ಕೆ ತಿರುಗುಮುರುಗು. ಅಲ್ಲಿ ಎಂಜಿನಿಯರಿಂಗ್ ಸಾಲನ್ನು ಕಟ್ಟುವುದು ಸಿ.ಇ.ಟಿ.ಯ ಪರ್ಸೆಂಟೈಲ್ ನೋಡಿ. ಬೋರ್ಡಿನ ಅಂಕ ಬಾಗಿಲ ಚೀಟಿ ಮಾತ್ರ. ನಿಗದಿತ ಕನಿಷ್ಠ ಅಂಕ ಬಂದಿದ್ದರೆ ಸಾಕು, ಅದಕ್ಕಿಂತ ಮೇಲಿನದಕ್ಕೆ ಬೆಲೆಯಿಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಲ್ಲಿ ನಮ್ಮ ಹುಡುಗಿ ಹಿಂದೆ, ಹುಡುಗ ಮುಂದೆ.

ಆಂಧ್ರದಲ್ಲಿ ಪ್ರವೇಶ ಪರೀಕ್ಷೆಗೆ ಮುಕ್ಕಾಲು ಪಾಲು, ಇಂಟರ್‌ಮೀಡಿಯೆಟ್ ಅಂಕಕ್ಕೆ ಕಾಲು ಪಾಲು ತೂಕ. ಸ್ಥೂಲ ಲೆಕ್ಕದಲ್ಲಿ ಹುಡುಗಿಗೆ 53.75, ಹುಡುಗನಿಗೆ 63.75. ತೆಲಂಗಾಣದಲ್ಲಿ ಆ ಕಾಲು ಪಾಲನ್ನೂ 2023ರಲ್ಲಿ ತೆಗೆದರು. ಅಲ್ಲೀಗ ಪರೀಕ್ಷೆಯೇ ಎಲ್ಲ.

ಕೇರಳದ ಕೀಮ್ ಪರೀಕ್ಷೆಯಲ್ಲಿ ಎಂಜಿನಿಯರಿಂಗ್‌ಗೆ ಬೋರ್ಡಿನದು ಅರ್ಧ, ಪರೀಕ್ಷೆಯದು ಅರ್ಧ. ಆದರೆ ಬೇರೆ ಬೇರೆ ಬೋರ್ಡುಗಳ ಅಂಕವನ್ನು ಒಂದು ಸಮಕ್ಕೆ ತಂದು ಲೆಕ್ಕ ಮಾಡುತ್ತಾರೆ. ಅಂಕಪಟ್ಟಿಯಲ್ಲಿದ್ದ 95 ಹಾಗೆಯೇ ಉಳಿಯಲಿಕ್ಕಿಲ್ಲ. 2025ರ ಜುಲೈಯಲ್ಲಿ ನಡೆದದ್ದು ಕಾಸರಗೋಡಿನವರಿಗೆ ನೆನಪಿರಬಹುದು. ಮೂರು ವಿಷಯಗಳ ಅಂಕವನ್ನು ಕೂಡುವ ಸೂತ್ರವನ್ನು ಸರ್ಕಾರ ಕೊನೆಯ ಗಳಿಗೆಯಲ್ಲಿ ಬದಲಿಸಿ ಫಲಿತಾಂಶ ಪ್ರಕಟಿಸಿತು. ಹೈಕೋರ್ಟು ಅದನ್ನು ರದ್ದುಮಾಡಿತು. ಹಳೆಯ ಸೂತ್ರದಂತೆ ರ‍್ಯಾಂಕ್ ಪಟ್ಟಿಯನ್ನು ಹೊಸದಾಗಿ ಮಾಡಬೇಕಾಯಿತು, ಎಷ್ಟೋ ಮಕ್ಕಳ ಸ್ಥಾನ ಹಿಂದುಮುಂದಾಯಿತು. ಆದ್ದರಿಂದ ಅಣ್ಣ ಸೇರಿದ ವರ್ಷದ ನಿಯಮ ತಂಗಿ ಸೇರುವ ವರ್ಷಕ್ಕೂ ಇರುತ್ತದೆಂದು ನಂಬಬೇಡಿ. ಆಯಾ ವರ್ಷದ ಕೈಪಿಡಿಯನ್ನು ಓದಿಯೇ ಅರ್ಜಿ ತುಂಬಿ.

ಒಂದೇ ಹುಡುಗಿ, ಒಂದೇ ಅಂಕಪಟ್ಟಿ. ಒಂದು ಕಡೆ ಸಮ, ಒಂದು ಕಡೆ ಬಹಳ ಮುಂದೆ, ಇನ್ನು ಕೆಲವು ಕಡೆ ಹಿಂದೆ. ಹಾಗಾದರೆ ಇವಳು ಜಾಣೆಯೋ ದಡ್ಡಿಯೋ? ಆ ಪ್ರಶ್ನೆಯೇ ತಪ್ಪು. ಯಾವ ಅಂಗಡಿಯಲ್ಲಿ ಯಾವ ತೂಕದ ಬಟ್ಟು ಇಟ್ಟಿದ್ದಾರೆ ಎಂಬುದಷ್ಟೇ ಇಲ್ಲಿನ ವ್ಯತ್ಯಾಸ.

ಹಾಗಿದ್ದರೆ ನಮ್ಮ ಮಗುವಿಗೆ ಅನುಕೂಲವಾದ ತಕ್ಕಡಿಯ ಕಡೆ ಹೋಗಬಹುದೇ? ಕೆಲವರಿಗೆ ದಾರಿಯಿದೆ. ಕರ್ನಾಟಕದ ಸಿ.ಇ.ಟಿ. ನಿಯಮಗಳಲ್ಲಿ 'ಗಡಿನಾಡು ಕನ್ನಡಿಗ' ಎಂಬ ಕಲಂ ಇದೆ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲೂಕುಗಳು ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು, ಆ ಪ್ರದೇಶದಲ್ಲಿ ವಾಸವಿದ್ದು, ಏಳು ವರ್ಷ ಅಲ್ಲಿಯೇ ಓದಿದವರು ಅರ್ಹತೆ ಕೇಳಬಹುದು. ಅವರಿಗೆ ಪ್ರತ್ಯೇಕವಾಗಿ ಒಂದು ಕನ್ನಡ ಭಾಷಾ ಪರೀಕ್ಷೆ ಇರುತ್ತದೆ. ಹೊಸೂರು, ತಾಳವಾಡಿ, ಆದೋನಿ, ರಾಯದುರ್ಗ, ಮಡಕಶಿರಾ ಕಡೆಯ ತಾಲೂಕುಗಳು ಆ ಪಟ್ಟಿಯಲ್ಲಿಲ್ಲ. ಅವರು 'ಹೊರನಾಡು ಕನ್ನಡಿಗ' ಎಂಬ ಕಲಮನ್ನು ನೋಡಬೇಕು, ಅದರ ಷರತ್ತು ಬೇರೆ. ವಾಸಸ್ಥಳ ಪತ್ರ, ವ್ಯಾಸಂಗ ಪ್ರಮಾಣಪತ್ರಗಳನ್ನು ಫಲಿತಾಂಶ ಬಂದ ಮೇಲೆ ಹುಡುಕಾಡುವ ಬದಲು ಪ್ಲಸ್ ಟು ಓದುತ್ತಿರುವಾಗಲೇ ಮಾಡಿಸಿಡಿ. ಕಚೇರಿಯ ಮೊಹರು ಬೇಗ ಬೀಳುವುದಿಲ್ಲವೆಂಬುದು ಮೊಹರು ಹೊಡೆಯುತ್ತಿದ್ದ ನನಗೆ ಗೊತ್ತು.

ವೈದ್ಯಕೀಯದ ಮಾತು ಬೇರೆಯೇ. ಎಂ.ಬಿ.ಬಿ.ಎಸ್.ಗೆ ದೇಶಕ್ಕೆಲ್ಲ ನೀಟ್ ಒಂದೇ ತಕ್ಕಡಿ. ಬೋರ್ಡಿನಲ್ಲಿ ನಿಗದಿತ ಕನಿಷ್ಠ ಅಂಕ ಬಂದರಾಯಿತು, ರ‍್ಯಾಂಕು ಪೂರ್ತಿ ನೀಟ್‌ನದು. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಅನಿತಾ ಎಂಬ ಕೂಲಿಕಾರರ ಮಗಳು 2017ರಲ್ಲಿ ಪ್ಲಸ್ ಟುವಿನಲ್ಲಿ 1200ಕ್ಕೆ 1176 ಅಂಕ ತೆಗೆದಿದ್ದಳು. ನೀಟ್‌ನಲ್ಲಿ ಅವಳಿಗೆ ಬಂದದ್ದು 720ಕ್ಕೆ 86. ಸುಪ್ರೀಂ ಕೋರ್ಟಿನವರೆಗೆ ಹೋಗಿ ಬಂದಳು. ಆ ವರ್ಷದ ಸೆಪ್ಟೆಂಬರ್ 1ರಂದು ಜೀವ ಕಳೆದುಕೊಂಡಳು. ಅವಳ ಹೆಸರನ್ನು ಕನಿಕರಕ್ಕೆಂದು ಹೇಳುತ್ತಿಲ್ಲ. 1176 ಅಂಕ ತೆಗೆದ ಮಗುವಿಗೆ ಪ್ರಪಂಚದಲ್ಲಿ ಒಂದೇ ಬಾಗಿಲು ಇದ್ದಂತೆ ತೋರಬಾರದಿತ್ತು. ಹಾಗೆ ತೋರದಂತೆ ನೋಡಿಕೊಳ್ಳುವುದು ಮನೆಯವರ, ನೆರೆಹೊರೆಯವರ, ಶಿಕ್ಷಕರ ಕೆಲಸ. "ಎಷ್ಟು ಬಂತು?" ಎಂದು ನಾವು ಬೀದಿಯಲ್ಲಿ ಕೇಳುವ ಮಾತಿಗೂ ತೂಕವಿದೆ.

ಭಾಷೆಯ ವಿಚಾರವನ್ನೂ ಹೇಳಬೇಕು. ಕನ್ನಡದಲ್ಲಿ ಓದಿದ ಮಗು ಇಂಗ್ಲಿಷ್ ಪ್ರಶ್ನೆಯನ್ನು ಎರಡು ಸಲ ಓದಬೇಕಾಗುತ್ತದೆ. ನಿಮಿಷದ ಲೆಕ್ಕದ ಪರೀಕ್ಷೆಯಲ್ಲಿ ಅದೇ ದೊಡ್ಡ ನಷ್ಟ. ನೀಟ್‌ನಲ್ಲಿ 2017ರಿಂದ ಕನ್ನಡದ ಪ್ರಶ್ನೆಪತ್ರಿಕೆಯೂ ಇದೆ. ಆದರೆ ಅದನ್ನು ಕೊಡುವುದು ಕರ್ನಾಟಕದ ಕೇಂದ್ರಗಳಲ್ಲಿ. ಕಾಸರಗೋಡಿನ ಮಗುವಿಗೆ ಕನ್ನಡದ ಪತ್ರಿಕೆ ಬೇಕೆಂದರೆ ಅರ್ಜಿಯಲ್ಲಿ ಮಂಗಳೂರಿನಂಥ ಕೇಂದ್ರವನ್ನು ಆರಿಸಬೇಕು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ. ಹಾಗಾಗಿ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಕಲಿತಿರುವುದು ಕ್ಷೇಮ.

ಫಲಿತಾಂಶ ಬಂದ ದಿನ ಮಾಡಬೇಕಾದ್ದೇನು? ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ಬೋರ್ಡಿನ ಅಂಕವನ್ನೇ ನೋಡುವ ಕಡೆಗಳು: ಬಿ.ಎಸ್‌ಸಿ., ಬಿ.ಕಾಂ., ಬಿ.ಎ.ಗೆ ಹೆಚ್ಚಿನ ಸರ್ಕಾರಿ ಹಾಗೂ ಅನುದಾನಿತ ಕಾಲೇಜುಗಳು, ತಮಿಳುನಾಡಿನಲ್ಲಿ ಎಂಜಿನಿಯರಿಂಗ್. ಎರಡನೆಯದರಲ್ಲಿ ಎರಡನ್ನೂ ಕೂಡಿಸುವ ಕಡೆಗಳು: ಕರ್ನಾಟಕ, ಕೇರಳ, ಆಂಧ್ರಗಳ ಎಂಜಿನಿಯರಿಂಗ್. ಮೂರನೆಯದರಲ್ಲಿ ಪರೀಕ್ಷೆಯನ್ನೇ ನೋಡುವ ಕಡೆಗಳು: ನೀಟ್, ಮಹಾರಾಷ್ಟ್ರ ಮತ್ತು ತೆಲಂಗಾಣದ ಎಂಜಿನಿಯರಿಂಗ್, ಸುರತ್ಕಲ್‌ನಂಥ ಎನ್.ಐ.ಟಿ.ಗಳು. ಈ ಎನ್.ಐ.ಟಿ.ಗಳ ಜೆ.ಇ.ಇ. ಮೇನ್ ರ‍್ಯಾಂಕಿಗೆ 2013ರಿಂದ 2016ರವರೆಗೆ ಬೋರ್ಡಿನ ಅಂಕ ಶೇಕಡಾ 40 ಸೇರುತ್ತಿತ್ತು, 2017ರಿಂದ ಇಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ 2022ರಲ್ಲಿ ಬಂದ ಸಿ.ಯು.ಇ.ಟಿ.ಯೂ ಈ ಕಾಲಂಗೇ ಸೇರುತ್ತದೆ. ಅದನ್ನು ಕನ್ನಡದಲ್ಲಿ ಬರೆಯಬಹುದು. ಅಂಕ ಹೆಚ್ಚು, ರ‍್ಯಾಂಕು ಕಡಿಮೆ ಇರುವ ಮಗು ಮೊದಲೆರಡು ಕಾಲಂಗಳಿಂದ ಅರ್ಜಿ ಶುರುಮಾಡಲಿ.

ಇನ್ನೊಂದು ವರ್ಷ ಕುಳಿತು ಬರೆಯಬಹುದೇ? ಬರೆಯಬಹುದು, ಆದರೆ ಲೆಕ್ಕ ಹಾಕಿ. ಪಾಠ ಗೊತ್ತಿದ್ದೂ ವೇಗ ಸಾಲದೆ ಅಂಕ ಹೋಗಿದ್ದರೆ ಅಭ್ಯಾಸದಿಂದ ಏರಿಸಬಹುದು. ಹಳೆಯ ಪ್ರಶ್ನೆಪತ್ರಿಕೆಯನ್ನು ಮನೆಯಲ್ಲಿ ಮೊದಲು ಗಡಿಯಾರ ಇಟ್ಟು, ಆಮೇಲೆ ಗಡಿಯಾರವಿಲ್ಲದೆ ಬಿಡಿಸಲು ಹೇಳಿ. ಎರಡರ ನಡುವಿನ ಅಂತರ ದೊಡ್ಡದಾದರೆ ಕೊರತೆ ವೇಗದ್ದು. ಅಂತರವೇ ಇಲ್ಲದೆ ಎರಡೂ ಕಡಿಮೆಯಾದರೆ ಪಾಠವೇ ಹಿಡಿದಿಲ್ಲ ಎಂದರ್ಥ. ಕರ್ನಾಟಕದ ಸಿ.ಇ.ಟಿ.ಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕೀಮ್ ಮತ್ತು ನೀಟ್‌ಗಳಲ್ಲಿ ತಪ್ಪಿಗೆ ಕಡಿತವಿದೆ, ಅಲ್ಲಿ ಕೈ ಬಿಗಿಹಿಡಿಯಬೇಕು. ಇಷ್ಟನ್ನು ತಿಳಿಯದೆ ಅಂಕ ಕಳೆದುಕೊಳ್ಳುವವರಿದ್ದಾರೆ.

ಕೊನೆಗೆ ದುಡ್ಡಿನ ಮಾತು. ರ‍್ಯಾಂಕು ಬರಲಿಲ್ಲವೆಂದು ಅಡಿಕೆ ತೋಟ ಅಡವಿಟ್ಟು, ಹೊಲ ಮಾರಿ ಆಡಳಿತ ಮಂಡಳಿ ಕೋಟಾದ ಸೀಟು ಕೊಳ್ಳುವ ಮೊದಲು ನಿಲ್ಲಿ. ಬ್ಯಾಂಕುಗಳ ವಿದ್ಯಾಭ್ಯಾಸ ಸಾಲ ಮುಖ್ಯವಾಗಿ ಪ್ರವೇಶ ಪರೀಕ್ಷೆ ಅಥವಾ ಅರ್ಹತೆಯ ಆಧಾರದ ಮೇಲೆ ಸೀಟು ಪಡೆದವರಿಗಾಗಿ ಇರುವಂಥದ್ದು. ಕೊಂಡ ಸೀಟಿಗೆ ಅದೇ ಷರತ್ತಿನಲ್ಲಿ ಸಾಲ ಸಿಗುತ್ತದೆಂದು ಎಣಿಸಬೇಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿದ ಪಿ.ಎಂ. ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಗುರುತಿಸಿದ ಉತ್ತಮ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನ, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ನಿಮ್ಮ ಕಾಲೇಜು ಆ ಪಟ್ಟಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿ. ಕೇಳುವುದಕ್ಕೆ ಶುಲ್ಕವಿಲ್ಲ.

ಹನ್ನೆರಡು ವರ್ಷ ದಿನವೂ ಓದಿ ಗಳಿಸಿದ ಅಂಕವನ್ನು ಮೂರು ಗಂಟೆಯ ಪರೀಕ್ಷೆಯೊಂದು ಅಳಿಸಿಹಾಕುವುದಿಲ್ಲ. ಅದು ಎಲ್ಲಿ ಚಲಾವಣೆಯಾಗುತ್ತದೆ, ಎಲ್ಲಿ ಆಗುವುದಿಲ್ಲ ಎಂದು ತಿಳಿದು ಬಳಸಬೇಕು, ಅಷ್ಟೆ. ಆ ಮೂರು ಕಾಲಂಗಳ ಹಾಳೆಯನ್ನು ಇವತ್ತು ರಾತ್ರಿಯೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯಿರಿ.