ಬಿಟ್ಟು ಬಿಟ್ಟು ಹೊಡಿಯಲೇ!

ಆಗ ಬಳ್ಳಾರಿ ಬಸ್ ಸ್ಟ್ಯಾಂಡಿನಿಂದ ನಡೆದೇ ಹೋಗುವಷ್ಟು ಹತ್ತಿರದಲ್ಲಿ ಒಂದು ವಿಡಿಯೊ ಗೇಮ್ ಅಂಗಡಿ ಇತ್ತು. ಬಾಗಿಲಿಗೆ ಮಾಸಿದ ಹಸಿರು ಪರದೆ. ಒಳಗೆ ಕತ್ತಲು, ಸೆಕೆ, ಆರೇಳು ಮಷಿನ್. ಹುಡುಗರೆಲ್ಲ ಮುಗಿಬೀಳುತ್ತಿದ್ದುದು ‘ಮುಸ್ತಫಾ’ ಮುಂದೆ. ಅದರ ನಿಜವಾದ ಹೆಸರು ‘ಕ್ಯಾಡಿಲಾಕ್ಸ್ ಅಂಡ್ ಡೈನೊಸಾರ್ಸ್’ ಅಂತ ನನಗೆ ಗೊತ್ತಾಗಿದ್ದೇ ಡಿಗ್ರಿಗೆ ಬಂದ ಮೇಲೆ. ನಾನು ಮತ್ತು ಅಣ್ಣ ಮಾತ್ರ ಸೀದಾ ಮೂಲೆಗೆ ಹೋಗುತ್ತಿದ್ದೆವು. ಅಲ್ಲಿ ‘ಟರ್ಮಿನೇಟರ್ 2’ ಇತ್ತು. ಮಷಿನ್‌ಗೆ ಬಿಗಿದ ಎರಡು ಗನ್, ಒಂದು ಅಣ್ಣನದು, ಒಂದು ನನ್ನದು.

ನಮ್ಮೂರು ಸಿರುಗುಪ್ಪದ ಹತ್ತಿರ. ಟ್ರ್ಯಾಕ್ಟರಿನ ಸ್ಪೇರ್ ಪಾರ್ಟ್ಸ್ ತರಲು ಅಪ್ಪ ಬಳ್ಳಾರಿಗೆ ಹೊರಟರೆ ನಾವಿಬ್ಬರೂ ಬೆನ್ನು ಬೀಳುತ್ತಿದ್ದೆವು. ತೆಕ್ಕಲಕೋಟೆವರೆಗೆ ನಿಂತೇ ಪ್ರಯಾಣ. ಅಪ್ಪ ಅಣ್ಣನ ಕೈಗೆ ಹತ್ತು ರೂಪಾಯಿ ಇಟ್ಟು, ‘ನಾ ಬರೋತನ ಇಲ್ಲಿಂದ ಅಲ್ಲಾಡಬ್ಯಾಡ್ರಿ’ ಎಂದು ಹೇಳಿ ಹೋಗುತ್ತಿದ್ದರು. ಒಂದು ಕಾಯಿನ್‌ಗೆ ಎರಡು ರೂಪಾಯಿ. ಹತ್ತಕ್ಕೆ ಐದು ಕಾಯಿನ್. ಇಬ್ಬರೂ ಜೋಡಿಯಾಗಿ ಎರಡು ಸಲ ಆಡಿದರೆ ನಾಲ್ಕು ಖರ್ಚು. ಉಳಿದ ಐದನೆಯದು ಯಾರಿಗೆ ಎಂಬುದೇ ದೊಡ್ಡ ಪ್ರಶ್ನೆ. ಅಣ್ಣ ಅದನ್ನು ಪ್ರತಿಸಲವೂ ನನ್ನ ಗನ್ ಕಡೆಯ ಕಿಂಡಿಗೇ ಹಾಕುತ್ತಿದ್ದ.

ಈ ಮಷಿನ್ ಅಮೆರಿಕದ ಮಿಡ್‌ವೇ ಕಂಪನಿಯದು. ಜೇಮ್ಸ್ ಕ್ಯಾಮರಾನ್ ಸಿನಿಮಾ ತೆರೆಗೆ ಬಂದ 1991ರಲ್ಲೇ ಬಂದದ್ದು. ಗೊಂಬೆಯ ಹಾಗೆ ಚಿತ್ರ ಬಿಡಿಸುವ ಬದಲು ನಟರನ್ನೇ ಕ್ಯಾಮೆರಾದಲ್ಲಿ ಸೆರೆಹಿಡಿದು ಆಟದೊಳಗೆ ಕೂರಿಸಿದ್ದರು. ಹಾಲಿವುಡ್ ಸರಣಿಗಳಿಗೂ ಕಾಯಿನ್ ಮಷಿನ್‌ಗಳಿಗೂ ನಂಟು ಹಳೆಯದು. 1983ರಲ್ಲಿ ಅಟಾರಿ ಬರೀ ಹೊಳೆಯುವ ಗೆರೆಗಳಲ್ಲೇ ‘ಸ್ಟಾರ್ ವಾರ್ಸ್’ ತೋರಿಸಿತ್ತು. 1990ರಲ್ಲಿ ಕೊನಾಮಿಯ ‘ಏಲಿಯನ್ಸ್’, 1994ರಲ್ಲಿ ಸೆಗಾದ ‘ಜುರಾಸಿಕ್ ಪಾರ್ಕ್’ ಬಂದವು. ಟಿಕೆಟ್ ತಗೊಂಡರೆ ಸಿನಿಮಾ ಎರಡೂವರೆ ಗಂಟೆ ನಿಮ್ಮನ್ನು ಕೂರಿಸುತ್ತದೆ. ಮಷಿನ್‌ಗೆ ಮಾತ್ರ ನೀವು ಮೂರು ನಿಮಿಷದಲ್ಲಿ ಸತ್ತರೇ ಲಾಭ.

ನಮ್ಮನ್ನು ಕೊಲ್ಲುತ್ತಿದ್ದುದು ಟ್ರಕ್. 2029ರ ಯುದ್ಧದಲ್ಲಿ ಜಾನ್ ಕಾನರ್ ಕೂತ ಟ್ರಕ್ ಓಡುತ್ತಿರುತ್ತದೆ, ಮೇಲಿನಿಂದ ಯಂತ್ರಗಳು ಹಾರಿ ಬರುತ್ತವೆ. ನಾವು ಉಳಿದರೆ ಸಾಲದು, ಟ್ರಕ್ ಉಳಿಯಬೇಕು. ಗಾಬರಿಯಲ್ಲಿ ನಾನು ಟ್ರಿಗರ್ ಒತ್ತಿಯೇ ಹಿಡಿಯುತ್ತಿದ್ದೆ. ಈ ಆಟದಲ್ಲಿ ಹಾಗೆ ಮಾಡುವಂತಿಲ್ಲ. ಒಂದೇ ಸಮ ಹೊಡೆದರೆ ಗನ್ನಿನ ಪವರ್ ಇಳಿದು ಗುಂಡು ನಿಧಾನವಾಗುತ್ತದೆ, ಬೆರಳು ತೆಗೆದರೆ ಮತ್ತೆ ತುಂಬುತ್ತದೆ. ಅಣ್ಣ ಪಕ್ಕದಿಂದ ಕೂಗುತ್ತಿದ್ದ: ‘ಒತ್ತಿ ಹಿಡಿಬ್ಯಾಡಲೇ, ಬಿಟ್ಟು ಬಿಟ್ಟು ಹೊಡಿಯಲೇ!’

ಅಣ್ಣನ ಗುರಿ ಕುರುಗೋಡಿನಲ್ಲಿ ಪಳಗಿದ್ದು. ಅದು ಅಮ್ಮನ ತವರು. ದೊಡ್ಡ ಬಸವೇಶ್ವರನ ಜಾತ್ರೆಗೆ ಹೋದರೆ ತೇರಿಗೆ ಉತ್ತತ್ತಿ ಎಸೆದು ನಾವು ಓಡುತ್ತಿದ್ದುದು ಬಲೂನು ಹೊಡೆಯುವ ಅಂಗಡಿಗೆ. ಆ ಬಂದೂಕುಗಳ ನಳಿಗೆ ಒಂದೂ ನೆಟ್ಟಗಿರುವುದಿಲ್ಲ, ನಿಮಗೂ ಗೊತ್ತಿರಬಹುದು. ‘ಮೊದಲನೇ ಗುಂಡು ಬಲೂನಿಗಲ್ಲ, ಬಂದೂಕು ಎಷ್ಟು ಸೊಟ್ಟ ಅಂತ ನೋಡಾಕ’ ಎಂದು ಮಾವ ಹೇಳಿಕೊಟ್ಟಿದ್ದರು. ಬಳ್ಳಾರಿಯ ಮಷಿನ್ನೂ ಸವೆದು, ಎಡಗಡೆಯ ಗನ್ ಎರಡು ಬೆರಳಿನಷ್ಟು ಪಕ್ಕಕ್ಕೆ ಹೊಡೆಯುತ್ತಿತ್ತು. ಅಣ್ಣ ಯಾವಾಗಲೂ ಎಡಕ್ಕೇ ನಿಲ್ಲುತ್ತಿದ್ದ. ಸರಿಯಾದ ಗನ್ ನನಗೆ ಬಿಟ್ಟಿದ್ದ ಎಂಬುದು ಆಗ ಹೊಳೆದಿರಲಿಲ್ಲ.

ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡದ ಒಂದು ವರ್ಷ ಟ್ರ್ಯಾಕ್ಟರ್ ಹೋಯಿತು. ಪಿಯುಸಿ ಓದುತ್ತಿದ್ದ ಅಣ್ಣ ಪುಸ್ತಕ ಕಟ್ಟಿಟ್ಟು ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಕ್ಕೆ ಸೇರಿದ. ನಾನು ಓದಿದೆ. ನನ್ನ ಕಾಲೇಜು ಫೀ, ಆಮೇಲೆ ಕೋಚಿಂಗ್ ಫೀ, ಅರ್ಜಿಗಳ ಡಿಡಿ, ಎಲ್ಲವೂ ಅವನ ನೈಟ್ ಶಿಫ್ಟಿನಿಂದಲೇ ಬಂದವು.

ಒಮ್ಮೆ ರಜೆಯಲ್ಲಿ ಬಂದಾಗ ಟೀವಿಯಲ್ಲಿ ಅದೇ ಸಿನಿಮಾ ಬರುತ್ತಿತ್ತು. ಕೊನೆಗೆ ಉಕ್ಕಿನ ಕಾರ್ಖಾನೆಯ ಹೊಡೆದಾಟ, ಕರಗಿದ ಉಕ್ಕಿನೊಳಗೆ ಶತ್ರು ಬೀಳುವುದು. ಅಣ್ಣ ನಕ್ಕುಬಿಟ್ಟ. ‘ಅಷ್ಟು ಹತ್ರ ನಿಂತ್ರ ಮಾರಿ ಸುಟ್ಟು ಹೋಗ್ತತಿ. ಬರಿಗಣ್ಣಾಗ ನೋಡಾಕೂ ಆಗಲ್ಲ’ ಎಂದ. ಹುಡುಕಿ ನೋಡಿದರೆ, ಆ ದೃಶ್ಯ ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದ ಫಾಂಟಾನಾದಲ್ಲಿ, ಅದಾಗಲೇ ಮುಚ್ಚಿಹೋಗಿದ್ದ ಕೈಸರ್ ಸ್ಟೀಲ್ ಕಾರ್ಖಾನೆಯಲ್ಲಿ. ಒಲೆಯೇ ಆರಿದ ಕಡೆ ಬೆಳಕಿನ ಕೈಚಳಕ. ಅಣ್ಣನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ: ‘ಅಲ್ಲಿ ಕೆಲ್ಸ ಮಾಡ್ತಿದ್ದೋರು ಏನಾದ್ರು?’

ಕಳೆದ ತಿಂಗಳು ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದೆ. ಹೊಸ ಶರ್ಟಿಗೆ, ಓಡಾಟಕ್ಕೆ ಅಂತ ಅಣ್ಣ ದುಡ್ಡು ಹಾಕಿದ್ದ. ‘ಡಿಗ್ರಿ ಮುಗಿದು ಎರಡು ವರ್ಷ ಏನು ಮಾಡಿದ್ರಿ?’ ಎಂದು ಕೇಳಿದರು. ಎರಡು ಪರೀಕ್ಷೆ ಬರೆದಿದ್ದೆ, ಒಂದರ ಫಲಿತಾಂಶ ಬಂದಿಲ್ಲ, ಇನ್ನೊಂದರಲ್ಲಿ ಸ್ವಲ್ಪದರಲ್ಲಿ ತಪ್ಪಿತ್ತು. ಇಷ್ಟು ಹೇಳಿದ್ದರೆ ಆಗಿತ್ತು. ಬಾಯಿಯೇ ಬರಲಿಲ್ಲ. ‘ತಿಳಿಸ್ತೀವಿ’ ಎಂದರು.

ರಾತ್ರಿಯ ಹಂಪಿ ಎಕ್ಸ್‌ಪ್ರೆಸ್‌ಗೆ ಇನ್ನೂ ಐದು ಗಂಟೆ ಇತ್ತು. ಒಂದು ಮಾಲ್‌ಗೆ ಹೊಕ್ಕೆ. ಮೇಲಿನ ಮಹಡಿಯ ಗೇಮ್ ಝೋನಿನಲ್ಲಿ ‘ಟರ್ಮಿನೇಟರ್ ಸಾಲ್ವೇಷನ್’ ನಿಂತಿತ್ತು. 2009ರ ಸಿನಿಮಾದ ಮೇಲೆ ಮರುವರ್ಷ ಬಂದ ಮಷಿನ್, ದೊಡ್ಡ ಪರದೆ, ಎರಡು ಗನ್. ಇಲ್ಲಿ ಕಾಯಿನ್ ಇಲ್ಲ, ಕಾರ್ಡಿಗೆ ದುಡ್ಡು ತುಂಬಿಸಬೇಕು. ಇನ್ನೂರು ಸಾಕು ಅಂದುಕೊಂಡೆ. ಮುಗಿದಾಗ ಮತ್ತೆ ಇನ್ನೂರು. ಗಂಟೆ ಹೊತ್ತು ಟ್ರಿಗರ್ ಒತ್ತಿಯೇ ಹಿಡಿದಿದ್ದೆ. ಪಕ್ಕದ ಗನ್ ಖಾಲಿ ನೇತಾಡುತ್ತಿತ್ತು. ನಾನೂರು ರೂಪಾಯಿ ಅಂದರೆ ಅಣ್ಣನಿಗೆ ಎಷ್ಟು ತಾಸು ಎಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೆ ಬಿಟ್ಟೆ. ಊಟ ಮಾಡದೆ ಸ್ಟೇಷನ್‌ಗೆ ಹೋದೆ.

ಜನರಲ್ ಬೋಗಿಯಿಂದ ಅಣ್ಣನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇಂಟರ್‌ವ್ಯೂ, ನಾನೂರು ರೂಪಾಯಿ, ಎರಡೂ. ಸ್ವಲ್ಪ ಹೊತ್ತು ಹಿಂದಿನ ಮಷಿನ್ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಬೈಯುತ್ತಾನೆ ಅಂದುಕೊಂಡೆ.

‘ಟ್ರಕ್ ಉಳೀತೇನ್ಲೇ?’

‘ಇದು ಬ್ಯಾರೆ ಗೇಮ್ ಅಣ್ಣ.’

‘ಊಟ ಮಾಡೀಯಾ?’

‘ಇಲ್ಲ.’

‘ಗುಂತಕಲ್ಲಾಗ ಏನರ ಸಿಕ್ಕರ ತಿನ್ನು. ನಾಳಿಗಿ ಅಮ್ಮನ ಮುಂದ ನಾನೂರರ ಸುದ್ದಿ ತೆಗಿಬ್ಯಾಡ’ ಎಂದು ಫೋನ್ ಇಟ್ಟ. ಅವನ ಶಿಫ್ಟ್ ಆಗ ತಾನೇ ಶುರುವಾಗಿತ್ತು.